ಸಹಿಯ ಬೆಲೆ

(ಶತಮಾನೋತ್ಸವದ ಅಂಗವಾಗಿ ಜರಗಿದ ಹಳೆ ವಿದ್ಯಾರ್ಥಿಗಳ ಹಾಗೂ ಹೆತ್ತವರ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ನಿಂತಾಗ ಹಿಂದಿನದನ್ನು ನೆನೆಯುವುದು ಸಹಜ. ಆ ಕೆಲಸವನ್ನು ನನಗಿಂತ ಹಿರಿಯರು ನಿನ್ನೆ ಸೊಗಸಾಗಿ ನೆರವೇರಿಸಿದ್ದಾರೆ. ಇಂದು ಮಕ್ಕಳ ಮುಂದಿನ ಬದುಕಿನ ಕುರಿತು ಮಾತನಾಡಬೇಕೆಂದು ಹಳೆ ವಿದ್ಯಾರ್ಥಿ ಸಂಘದವರು ನನ್ನನ್ನು ಕೇಳಿಕೊಂಡರು. ನಾನು ಕನ್ನಡ ಎಂ.ಎ. ಓದಿದವಳು, ಇಂಜಿನಿಯರಿಂಗ್ ನನ್ನ ವಿಷಯವಲ್ಲ. ಆದರೆ ಮುಖ್ಯೋಪಾಧ್ಯಾಯಿನಿಯ ಕೊಠಡಿಗೆ ಬರುವ ಪ್ರಶ್ನೆಗಳು ಅವಳ ಪದವಿಯ ವಿಷಯವನ್ನು ನೋಡಿಕೊಂಡು ಬರುವುದಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಯೊಂದಿದೆ: “ಟೀಚರೇ, ಮಗ ಇಂಜಿನಿಯರಿಂಗ್ ಮುಗಿಸಿದ್ದಾನೆ. ಅದರ ಮೇಲೆ ಇನ್ನೊಂದು ಲೈಸೆನ್ಸು ತೆಗೆದುಕೊಂಡರೆ ಸಂಬಳ ಹೆಚ್ಚಾಗುತ್ತದಂತೆ, ಹೌದೇ?” ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಗಳು, ಅಮೆರಿಕೆಯಲ್ಲಿ ಓದುತ್ತಿರುವವರು, ಇಲ್ಲಿಯೇ ಪಾಲಿಟೆಕ್ನಿಕ್ ಸೇರಿದವರು ಎಲ್ಲರೂ ಬೇರೆ ಬೇರೆ ಮಾತುಗಳಲ್ಲಿ ಇದನ್ನೇ ಕೇಳಿದ್ದಾರೆ. ಕೇಳಿದವರಿಗೆ ಸರಿಯಾದ ಉತ್ತರ ಕೊಡಬೇಕೆಂದು ಓದಿ, ವಿಚಾರಿಸಿ ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತೇನೆ.

ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾವ ಕೆಲಸಕ್ಕೆ ಪರವಾನಗಿ ಪಡೆದವರ ಸಹಿ ಇರಲೇಬೇಕೆಂದು ಕಾನೂನು ಹೇಳುತ್ತದೆಯೋ ಆ ಕೆಲಸದಲ್ಲಿ ಪರವಾನಗಿಯು ಸಂಬಳವನ್ನು ಹೆಚ್ಚಿಸುತ್ತದೆ. ಯಾವ ಕೆಲಸದಲ್ಲಿ ಅಂಥ ಸಹಿಯನ್ನು ಯಾರೂ ಕೇಳುವುದಿಲ್ಲವೋ ಅಲ್ಲಿ ಅದು ಗೋಡೆಯ ಮೇಲಿನ ಚೌಕಟ್ಟಿಗೆ ಶೋಭೆ ತರಬಹುದು, ಸಂಬಳಕ್ಕೆ ಹೆಚ್ಚೇನೂ ತರಲಾರದು. ಇನ್ನುಳಿದದ್ದೆಲ್ಲ ಈ ಎರಡು ವಾಕ್ಯಗಳ ವಿವರಣೆ.

ಮೊದಲು ಮೂರು ಶಬ್ದಗಳನ್ನು ಬೇರ್ಪಡಿಸಿಕೊಳ್ಳೋಣ. ಪದವಿ ಎಂದರೆ ಓದಿದ್ದಾನೆ ಎಂಬುದಕ್ಕೆ ವಿಶ್ವವಿದ್ಯಾಲಯ ಕೊಡುವ ಪ್ರಮಾಣ. ಸದಸ್ಯತ್ವ ಎಂದರೆ ಈತ ನಮ್ಮವನು ಎಂದು ವೃತ್ತಿಬಾಂಧವರ ಸಂಸ್ಥೆ ಕೊಡುವ ಮನ್ನಣೆ. ಪರವಾನಗಿ ಎಂದರೆ ಈ ಕೆಲಸವನ್ನು ಈತ ಮಾಡಬಹುದು, ಇಲ್ಲದವನು ಮಾಡಕೂಡದು ಎಂದು ಸರಕಾರ ಎಳೆಯುವ ಗೆರೆ. ಮೂರಕ್ಕೂ ಕಾಗದ, ಮುದ್ರೆ, ರುಜು ಇರುವುದರಿಂದ ನಮಗೆ ಒಂದೇ ರೀತಿ ಕಾಣುತ್ತವೆ. ಸಂಬಳದ ಪ್ರಶ್ನೆಯಲ್ಲಿ ಇವುಗಳ ಅಂತರ ಬಹಳ ದೊಡ್ಡದು.

ಈ ಪ್ರಶ್ನೆ ಹುಟ್ಟಿದ್ದು ಅಮೆರಿಕೆಯಲ್ಲಿ. ಅಲ್ಲಿ ಇಂಜಿನಿಯರರಿಗೆ ಪರವಾನಗಿ ಕೊಡುವುದು ಆಯಾ ರಾಜ್ಯದ ಅಧಿಕಾರ. ಮೊತ್ತಮೊದಲು ಅಂಥ ಕಾನೂನು ಮಾಡಿದ್ದು ವಯೋಮಿಂಗ್ ರಾಜ್ಯ, 1907ರಲ್ಲಿ. ನೀರಿನ ಹಕ್ಕಿಗಾಗಿ ಸರಕಾರಕ್ಕೆ ಸಲ್ಲುತ್ತಿದ್ದ ನಕಾಶೆಗಳನ್ನು ಅಳತೆಯ ಗಂಧವಿಲ್ಲದವರೆಲ್ಲ ಬರೆದುಕೊಡುತ್ತಿದ್ದರು. ಅದನ್ನು ತಡೆಯಲು ಈ ಕಾನೂನು ಬಂತು. ಆದರೆ ನಮ್ಮಂಥ ಶಾಲೆಯವರು ನೆನಪಿಡಬೇಕಾದ ವರ್ಷ 1937. ಆ ವರ್ಷದ ಮಾರ್ಚ್ 18ರಂದು ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯೊಂದು ಅನಿಲ ಸ್ಫೋಟದಿಂದ ಕುಸಿದು ಸುಮಾರು 300 ಮಂದಿ ವಿದ್ಯಾರ್ಥಿಗಳೂ ಅಧ್ಯಾಪಕರೂ ಸತ್ತರು. ಅದು ಎಣ್ಣೆ ಬಾವಿಗಳ ಸೀಮೆ, ಬಡ ಶಾಲೆಯೇನಲ್ಲ. ಆದರೂ ತಿಂಗಳ ಖರ್ಚು ಉಳಿಸಲೆಂದು, ಎಣ್ಣೆ ಕಂಪೆನಿಯ ಕೊಳವೆಯಲ್ಲಿ ಹರಿಯುತ್ತಿದ್ದ ಉಳಿಕೆ ಅನಿಲವನ್ನು ಶಾಲೆಯ ಬಳಕೆಗೆ ಜೋಡಿಸಿಕೊಂಡಿದ್ದರು. ಆ ಅನಿಲಕ್ಕೆ ವಾಸನೆ ಇರಲಿಲ್ಲ. ಅದು ಸೋರಿ ಕಟ್ಟಡದ ಅಡಿಯಲ್ಲಿ ತುಂಬಿಕೊಂಡದ್ದು ಯಾರಿಗೂ ತಿಳಿಯಲಿಲ್ಲ. ಒಂದು ಕಿಡಿ ಸಾಕಾಯಿತು. ಅದೇ ವರ್ಷ ಟೆಕ್ಸಾಸ್ ಇಂಜಿನಿಯರರ ನೋಂದಣಿ ಕಾನೂನನ್ನು ತಂದಿತು, ಅನಿಲಕ್ಕೆ ವಾಸನೆ ಬೆರೆಸಬೇಕೆಂಬ ನಿಯಮವನ್ನೂ ಮಾಡಿತು. ಇಂದು ನಮ್ಮ ಅಡುಗೆಮನೆಯಲ್ಲಿ ಗ್ಯಾಸು ಸೋರಿದರೆ ಮೂಗಿಗೆ ಬಡಿಯುವ ವಾಸನೆಯೂ ಬೇಕೆಂದೇ ಬೆರೆಸಿದ್ದು. ಇಂಜಿನಿಯರರ ಸಂಬಳ ಹೆಚ್ಚಿಸಲು ಪರವಾನಗಿ ಹುಟ್ಟಲಿಲ್ಲ. ಸಹಿ ಹಾಕಿದವರು ಯಾರೆಂದು ಜನರಿಗೆ ತಿಳಿದಿರಲಿ ಎಂದು ಹುಟ್ಟಿತು. ಸಂಬಳ ಅದರ ಹಿಂದೆ ಬಂದದ್ದು.

ಅಲ್ಲಿಯ ಕ್ರಮ ಹೀಗಿದೆ. ಮಾನ್ಯತೆ ಪಡೆದ ಪದವಿ ಬೇಕು. ಅನಂತರ ಎಫ್.ಇ. ಎಂಬ ಮೂಲಜ್ಞಾನದ ಪರೀಕ್ಷೆ. ಸಾಮಾನ್ಯವಾಗಿ ನಾಲ್ಕು ವರ್ಷ ಹಿರಿಯ ಇಂಜಿನಿಯರರ ಕೈಕೆಳಗೆ ಕೆಲಸ ಮಾಡಿದ ಅನುಭವ. ಕೊನೆಗೆ ತನ್ನ ವಿಭಾಗದಲ್ಲಿ ಪಿ.ಇ. ಪರೀಕ್ಷೆ. ಇಷ್ಟಾದರೆ ಹೆಸರಿನ ಮುಂದೆ ಪಿ.ಇ. ಎಂದು ಬರೆದುಕೊಳ್ಳಬಹುದು, ನಕಾಶೆಯ ಮೇಲೆ ತನ್ನ ಮುದ್ರೆ ಒತ್ತಬಹುದು, ಸ್ವಂತ ಸಂಸ್ಥೆ ತೆರೆದು ಜನರಿಗೆ ಇಂಜಿನಿಯರಿಂಗ್ ಸೇವೆ ಒದಗಿಸಬಹುದು. ಸೇತುವೆ, ಕಟ್ಟಡ, ನೀರು ಸರಬರಾಜು, ಚರಂಡಿ ವ್ಯವಸ್ಥೆ ಮುಂತಾದ ಸಾರ್ವಜನಿಕ ಕಾಮಗಾರಿಗಳ ನಕಾಶೆಗೆ ಈ ಮುದ್ರೆ ಬೇಕೇ ಬೇಕು. ಆದ್ದರಿಂದ ವಿನ್ಯಾಸ ಸಂಸ್ಥೆಗಳಲ್ಲಿ ಮೇಲಿನ ಹುದ್ದೆಗಳಿಗೆ ಪಿ.ಇ. ಇಲ್ಲದವರು ಏರುವುದು ಕಷ್ಟ. ಅನೇಕ ಸಂಸ್ಥೆಗಳು ಪರೀಕ್ಷಾ ಶುಲ್ಕವನ್ನು ತಾವೇ ಭರಿಸುತ್ತವೆ, ತೇರ್ಗಡೆಯಾದವರಿಗೆ ಸಂಬಳವನ್ನೂ ಏರಿಸುತ್ತವೆ. ಸಿವಿಲ್ ಓದಿದ ನಮ್ಮ ಹುಡುಗಿಯೊಬ್ಬಳು ಅಮೆರಿಕೆಗೆ ಹೋದರೆ ಈ ಪರೀಕ್ಷೆಗಳನ್ನು ತಡಮಾಡದೆ ಬರೆಯಲಿ ಎಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ.

ಅದೇ ದೇಶದಲ್ಲಿ ಚಿತ್ರದ ಇನ್ನೊಂದು ಮಗ್ಗುಲೂ ಇದೆ. ಕಾರ್ಖಾನೆಯಲ್ಲಿ ತನ್ನ ಕಂಪೆನಿಯ ಉತ್ಪನ್ನಕ್ಕಾಗಿ ದುಡಿಯುವ ಇಂಜಿನಿಯರಿಗೆ ಹೆಚ್ಚಿನ ರಾಜ್ಯಗಳು ಪರವಾನಗಿಯಿಂದ ವಿನಾಯಿತಿ ಕೊಟ್ಟಿವೆ. ಮೋಟಾರು, ವಿಮಾನ, ಎಲೆಕ್ಟ್ರಾನಿಕ್ಸ್ ಕ್ಷೇತ್ರಗಳಲ್ಲಿ ಬಹುಪಾಲು ಮಂದಿ ಪಿ.ಇ. ಇಲ್ಲದೆಯೇ ನಿವೃತ್ತರಾಗುತ್ತಾರೆ, ಸಂಬಳದಲ್ಲೇನೂ ಹಿಂದೆ ಬೀಳುವುದಿಲ್ಲ. ಸಾಫ್ಟ್‌ವೇರಿನ ಕಥೆ ಇನ್ನೂ ಸ್ವಾರಸ್ಯದ್ದು. ಆ ವಿಭಾಗಕ್ಕೂ ಪಿ.ಇ. ಪರೀಕ್ಷೆಯನ್ನು 2013ರಲ್ಲಿ ಆರಂಭಿಸಿದರು. ಬರೆಯುವವರೇ ಇಲ್ಲದೆ 2019ರಲ್ಲಿ ನಿಲ್ಲಿಸಿದರು. ನಿಲ್ಲಿಸುವ ತೀರ್ಮಾನವಾಗುವ ಹೊತ್ತಿಗೆ ನೂರು ಮಂದಿಯೂ ಪರೀಕ್ಷೆಗೆ ಕುಳಿತಿರಲಿಲ್ಲ. ಅತಿ ಹೆಚ್ಚು ಸಂಬಳದ ಇಂಜಿನಿಯರಿಂಗ್ ಕೆಲಸಗಳಲ್ಲೊಂದು ಪರವಾನಗಿಯ ಹಂಗಿಲ್ಲದೆ ನಡೆಯುತ್ತಿದೆ. ಸಹಿಯನ್ನು ಕೇಳುವ ಕಾನೂನಿಲ್ಲದಲ್ಲಿ ಸಹಿಗೆ ಬೆಲೆಯೂ ಹುಟ್ಟುವುದಿಲ್ಲ.

ಇಲ್ಲೊಂದು ಲೆಕ್ಕದ ಎಚ್ಚರಿಕೆಯನ್ನೂ ಹೇಳಬೇಕು. ಪರವಾನಗಿ ಉಳ್ಳವರ ಸರಾಸರಿ ಸಂಬಳ ಇಷ್ಟು, ಇಲ್ಲದವರದ್ದು ಇಷ್ಟು, ಅಂತರ ಇಷ್ಟು ಎಂದು ತೋರಿಸುವ ಪಟ್ಟಿಗಳು ತಮ್ಮ ಮೊಬೈಲಿಗೂ ಬಂದಿರಬಹುದು. ಪರವಾನಗಿ ಪಡೆಯಲು ನಾಲ್ಕು ವರ್ಷದ ಅನುಭವ ಬೇಕು. ಆದ್ದರಿಂದ ಪಡೆದವರೆಲ್ಲ ವಯಸ್ಸಿನಲ್ಲಿ, ಅನುಭವದಲ್ಲಿ ಹಿರಿಯರು. ಇಲ್ಲದವರಲ್ಲಿ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರೂ ಸೇರಿದ್ದಾರೆ. ಹತ್ತನೆಯ ತರಗತಿಯ ಮಕ್ಕಳ ಎತ್ತರವನ್ನು ಐದನೆಯ ತರಗತಿಯವರ ಎತ್ತರಕ್ಕೆ ಹೋಲಿಸಿ, ಹತ್ತನೆಯ ತರಗತಿಯ ಪಠ್ಯಪುಸ್ತಕಗಳು ಮಕ್ಕಳನ್ನು ಎತ್ತರ ಬೆಳೆಸುತ್ತವೆ ಎಂದರೆ ನಾವು ನಗುತ್ತೇವೆ. ಸಂಬಳದ ಪಟ್ಟಿಯಲ್ಲಿ ಅದೇ ತರ್ಕ ಕಂಡಾಗ ನಗಲು ಮರೆಯುತ್ತೇವೆ. ಒಂದೇ ಊರಿನಲ್ಲಿ, ಒಂದೇ ಕ್ಷೇತ್ರದಲ್ಲಿ, ಅಷ್ಟೇ ವರ್ಷ ದುಡಿದ ಇಬ್ಬರನ್ನು ಹೋಲಿಸಿದಾಗ ಉಳಿಯುವ ಅಂತರವೇ ನಿಜವಾದ ಅಂತರ. ಅದು ಸಿವಿಲ್ ವಿನ್ಯಾಸ ಸಂಸ್ಥೆಗಳಲ್ಲಿ ಉಳಿಯುತ್ತದೆ. ಅನೇಕ ಕಡೆ ಕರಗಿಹೋಗುತ್ತದೆ.

ಇನ್ನು ನಮ್ಮ ದೇಶಕ್ಕೆ ಬರೋಣ. ಲೆಕ್ಕಪರಿಶೋಧಕರಿಗೆ 1949ರ ಕಾಯಿದೆ ಇದೆ, ವಕೀಲರಿಗೆ 1961ರದ್ದು, ವಾಸ್ತುಶಿಲ್ಪಿಗಳಿಗೆ 1972ರದ್ದು. ಇಂಜಿನಿಯರರಿಗೆ ಮಾತ್ರ ಇಡೀ ದೇಶಕ್ಕೆ ಅನ್ವಯಿಸುವ ಅಂಥ ಪರವಾನಗಿ ಕಾಯಿದೆ ಇಲ್ಲ. 1920ರಲ್ಲಿ ಸ್ಥಾಪನೆಗೊಂಡು 1935ರಲ್ಲಿ ರಾಜಸನದು ಪಡೆದ ಇಂಜಿನಿಯರರ ಸಂಸ್ಥೆ ‘ಚಾರ್ಟರ್ಡ್ ಇಂಜಿನಿಯರ್’ ಎಂಬ ಗೌರವವನ್ನು ಕೊಡುತ್ತದೆ. ಯಂತ್ರಗಳ ಮೌಲ್ಯಮಾಪನ, ಕೆಲವು ಪ್ರಮಾಣಪತ್ರ ನೀಡಿಕೆ ಮೊದಲಾದ ಸ್ವಂತ ವೃತ್ತಿ ನಡೆಸುವವರಿಗೆ ಅದು ಪ್ರಯೋಜನಕಾರಿ. ಆದರೆ ಕಂಪೆನಿಯಲ್ಲಿ ಸಂಬಳಕ್ಕೆ ದುಡಿಯುವವನ ಸಂಬಳವನ್ನು ಅದೊಂದೇ ಏರಿಸುವುದು ವಿರಳ. ಸರಕಾರಿ ಇಂಜಿನಿಯರಿಗೆ ವೇತನಶ್ರೇಣಿ, ಇಲಾಖಾ ಪರೀಕ್ಷೆ, ಸೇವಾ ಹಿರಿತನಗಳೇ ದಾರಿ.

ಹಾಗಾದರೆ ನಮ್ಮಲ್ಲಿ ಬೆಲೆಯುಳ್ಳ ಸಹಿಯೇ ಇಲ್ಲವೇ? ಇದೆ. ದೊಡ್ಡ ಪದವಿಯ ಕಡೆಗೇ ನೋಡುವ ಕಣ್ಣಿಗೆ ಅದು ಬೀಳುವುದಿಲ್ಲ ಅಷ್ಟೆ. ಬಾಯ್ಲರ್ ನಡೆಸಲು ಅರ್ಹತಾ ಪ್ರಮಾಣಪತ್ರ ಪಡೆದವರು ಬೇಕೆಂಬುದು 1923ರ ಬಾಯ್ಲರ್ ಕಾಯಿದೆಯ ಕಾಲದಿಂದ ನಡೆದುಬಂದದ್ದು. ಗಣಿಗೆ ಮ್ಯಾನೇಜರನಾಗಲು ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ನಮ್ಮ ಕೇರಳದಲ್ಲಿ ಮನೆಯ ವಯರಿಂಗ್ ಮಾಡುವವನಿಗೆ ರಾಜ್ಯ ವಿದ್ಯುಚ್ಛಕ್ತಿ ಲೈಸೆನ್ಸಿಂಗ್ ಮಂಡಳಿಯ ವಯರ್‌ಮನ್ ಪರ್ಮಿಟ್ ಬೇಕು. ಅದರ ಮೇಲೆ ಸೂಪರ್‌ವೈಸರ್ ಪರ್ಮಿಟ್, ಗುತ್ತಿಗೆದಾರರ ಲೈಸೆನ್ಸು ಇವೆ. ಮನೆ ಕಟ್ಟಲು ಪಂಚಾಯತಿಗೆ ಸಲ್ಲಿಸುವ ನಕಾಶೆಗೆ ನೋಂದಾಯಿತ ಇಂಜಿನಿಯರ್ ಅಥವಾ ಸೂಪರ್‌ವೈಸರರ ಸಹಿ ಬೇಕು. ಐ.ಟಿ.ಐ. ಮುಗಿಸಿ ಕೂಲಿಗೆ ವಯರಿಂಗ್ ಮಾಡುವ ಹುಡುಗನಿಗೂ ಪರ್ಮಿಟ್ ಪಡೆದು ಸ್ವಂತ ಹೆಸರಿನಲ್ಲಿ ಕೆಲಸ ವಹಿಸಿಕೊಳ್ಳುವ ಹುಡುಗನಿಗೂ ವರುಮಾನದಲ್ಲಿರುವ ಅಂತರವನ್ನು ತಾವು ನಿಮ್ಮ ನಿಮ್ಮ ಊರಿನಲ್ಲೇ ನೋಡಿದ್ದೀರಿ. ಪರವಾನಗಿ ಸಂಬಳವನ್ನು ಹೆಚ್ಚಿಸುತ್ತದೆಯೇ ಎಂಬ ಪ್ರಶ್ನೆಗೆ ಅದಕ್ಕಿಂತ ಹತ್ತಿರದ ಸಾಕ್ಷ್ಯ ಬೇಡ.

ನಮ್ಮ ಜಿಲ್ಲೆಗೆ ವಿಶೇಷವಾಗಿ ಸಂಬಂಧಿಸಿದ ಎರಡು ದಾರಿಗಳಿವೆ. ಒಂದು ಕಡಲಿನದು. ಬೇಕಲ, ಪಾಲಕುನ್ನು ಕಡೆಯ ಎಷ್ಟೋ ಮನೆಗಳಲ್ಲಿ ಹಡಗಿನ ನೌಕರಿ ತಲೆಮಾರಿನಿಂದ ಬಂದದ್ದು. ಹಡಗಿನ ಇಂಜಿನ್ ಕೋಣೆಯಲ್ಲಿ ಪರವಾನಗಿ ಮತ್ತು ಸಂಬಳದ ನಂಟು ಕನ್ನಡಿಯಷ್ಟು ಸ್ಪಷ್ಟ. ಕಿರಿಯ ಇಂಜಿನಿಯರನಾಗಿ ಹತ್ತಿದವನು ಸಮುದ್ರದಲ್ಲಿ ನಿಗದಿತ ಕಾಲ ದುಡಿದು, ನೌಕಾಯಾನ ಮಹಾನಿರ್ದೇಶನಾಲಯದ ನಾಲ್ಕನೆಯ ದರ್ಜೆಯ ಅರ್ಹತಾ ಪರೀಕ್ಷೆ ಮುಗಿಸಿದರೆ ಪಾಳಿಯ ಹೊಣೆ ಹೊರಬಹುದು. ಎರಡನೆಯ ದರ್ಜೆ ಪಡೆದರೆ ಸೆಕೆಂಡ್ ಇಂಜಿನಿಯರ್, ಒಂದನೆಯ ದರ್ಜೆ ಪಡೆದರೆ ಚೀಫ್ ಇಂಜಿನಿಯರ್ ಆಗಲು ಅರ್ಹತೆ. ಪ್ರತಿ ಮೆಟ್ಟಲಿಗೂ ಸಂಬಳ ಏರುತ್ತದೆ, ಪ್ರತಿ ಮೆಟ್ಟಲಿಗೂ ಹೊಣೆ ಏರುತ್ತದೆ. ಪ್ರಮಾಣಪತ್ರ ಇಲ್ಲದವನನ್ನು ಆ ಹುದ್ದೆಯಲ್ಲಿ ಕೂರಿಸಿ ಹಡಗು ಬಂದರು ಬಿಡುವಂತಿಲ್ಲ. ಆದ್ದರಿಂದಲೇ ಅದಕ್ಕೆ ಅಷ್ಟು ಬೆಲೆ.

ಇನ್ನೊಂದು ಗಲ್ಫಿನದು. ಸೌದಿ ಅರೇಬಿಯಾದಲ್ಲಿ ಇಂಜಿನಿಯರ್ ಎಂಬ ಹೆಸರಿನಲ್ಲಿ ಕೆಲಸ ಮಾಡಲು ಅಲ್ಲಿಯ ಇಂಜಿನಿಯರರ ಮಂಡಳಿಯಲ್ಲಿ ನೋಂದಣಿ ಬೇಕು. ಕುವೈತ್ 2018ರಲ್ಲಿ ವಿದೇಶೀ ಇಂಜಿನಿಯರರ ವಾಸ್ತವ್ಯ ಪರವಾನಗಿಯ ನವೀಕರಣಕ್ಕೆ ಅಲ್ಲಿಯ ಇಂಜಿನಿಯರರ ಸಂಘದ ಒಪ್ಪಿಗೆಯನ್ನು ಕಡ್ಡಾಯಗೊಳಿಸಿತು. ಭಾರತದಲ್ಲಿ ಓದಿದವರಿಗೆ ಆ ಒಪ್ಪಿಗೆ ಸಿಗಬೇಕಾದರೆ, ಅವರು ಓದಿದ ಶಿಕ್ಷಣಕ್ಕೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ, ಅಂದರೆ ಎನ್.ಬಿ.ಎ.ಯ ಮಾನ್ಯತೆ ಇರಬೇಕೆಂದಾಯಿತು. ವರ್ಷಗಟ್ಟಲೆ ಇಂಜಿನಿಯರರಾಗಿ ದುಡಿದಿದ್ದ ಎಷ್ಟೋ ಭಾರತೀಯರು ಹುದ್ದೆಯ ಹೆಸರನ್ನೇ ಬದಲಿಸಿಕೊಳ್ಳಬೇಕಾದ ಸಂಕಟಕ್ಕೆ ಸಿಲುಕಿದರು. ಅವರ ಕೈಯ ಕೆಲಸ ಒಂದಿಷ್ಟೂ ಕೆಟ್ಟಿರಲಿಲ್ಲ, ಕಾಗದವೊಂದು ಇರಲಿಲ್ಲ. ಪರವಾನಗಿಯು ಸಂಬಳ ಹೆಚ್ಚಿಸುವುದಕ್ಕಿಂತಲೂ ಇರುವ ಸಂಬಳವನ್ನು ಕಾಪಾಡುವ ಸಂದರ್ಭಗಳು ಹೆಚ್ಚು ಎಂಬ ಪಾಠ ಇಲ್ಲಿದೆ.

ಹೆತ್ತವರು ಇದರಿಂದ ತಿಳಿದುಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ಪ್ಲಸ್ ಟು ಮುಗಿದು ಮಗಳನ್ನು ಸುಳ್ಯಕ್ಕೋ ಮಂಗಳೂರಿಗೋ ಪೊವ್ವಲಿಗೋ ಸೇರಿಸುವಾಗ ಕಾಲೇಜಿನ ಕಟ್ಟಡವನ್ನೂ ಬಸ್ಸನ್ನೂ ನೋಡಿ ಬರುವುದರ ಜೊತೆಗೆ, ಅವಳು ಸೇರುವ ವಿಭಾಗಕ್ಕೆ ಎನ್.ಬಿ.ಎ. ಮಾನ್ಯತೆ ಇದೆಯೇ, ಅದರ ಅವಧಿ ಎಂದಿನವರೆಗೆ ಎಂದು ಕೇಳಿರಿ. ಆ ಮಾನ್ಯತೆ ಒಟ್ಟು ಕಾಲೇಜಿಗೆ ಕೊಡುವಂಥದಲ್ಲ; ಒಂದೊಂದು ವಿಭಾಗಕ್ಕೆ, ನಿರ್ದಿಷ್ಟ ಅವಧಿಗೆ ಕೊಡುವುದು. 2014ರಲ್ಲಿ ಭಾರತವು ವಾಷಿಂಗ್ಟನ್ ಒಡಂಬಡಿಕೆಯ ಪೂರ್ಣ ಸದಸ್ಯನಾದ ಮೇಲೆ ಇದರ ಮಹತ್ತ್ವ ಇನ್ನೂ ಹೆಚ್ಚಿದೆ. ಆ ಕೂಟದ ದೇಶಗಳು ಪರಸ್ಪರರ ಮಾನ್ಯ ಪದವಿಗಳನ್ನು ಸಮಾನವೆಂದು ಪರಿಗಣಿಸುತ್ತವೆ. ಎರಡನೆಯದಾಗಿ, ಕೆಲಸ ಮಾಡಿದ ಪ್ರತಿ ಸ್ಥಳದಿಂದಲೂ ಏನು ಕೆಲಸ, ಯಾರ ಕೈಕೆಳಗೆ, ಎಷ್ಟು ಕಾಲ ಎಂದು ಬರೆದ ಅನುಭವ ಪತ್ರವನ್ನು ಅಂದಂದೇ ಪಡೆದಿಡಲು ಮಕ್ಕಳಿಗೆ ಹೇಳಿರಿ. ಮೂರನೆಯದು ನಮ್ಮ ಶಾಲೆಯ ಕಛೇರಿಗೇ ಸಂಬಂಧಿಸಿದ್ದು. ಗಡಿನಾಡಿನ ಮಗುವಿನ ಹೆಸರು ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಇನ್ನೊಂದು, ಇಂಗ್ಲಿಷಿನಲ್ಲಿ ಮತ್ತೊಂದು ಬಗೆಯಾಗಿ ದಾಖಲಾಗುತ್ತದೆ. ತಂದೆಯ ಹೆಸರು, ಮನೆಯ ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಬರೀ ಅಕ್ಷರ. ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಅಚ್ಚಾಗುವ ಹೆಸರೇ ಮುಂದೆ ಪಾಸ್‌ಪೋರ್ಟಿಗೂ ಪದವಿಗೂ ಪರವಾನಗಿಗೂ ಆಧಾರ. ಪರೀಕ್ಷೆಯ ಮೊದಲು ನಾವು ಕಳಿಸುವ ವಿವರವನ್ನು ಓದದೆ ಸಹಿ ಮಾಡಬೇಡಿರಿ.

ಸಹಿಯ ಮಾತು ಬಂತು. ಅದರ ಬೆಲೆ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯದಿದ್ದರೆ ಇಷ್ಟು ಹೊತ್ತು ಹೇಳಿದ್ದೆಲ್ಲ ಬರಿಯ ಲಾಭದ ಲೆಕ್ಕವಾದೀತು. 1981ರ ಜುಲೈ 17ರಂದು ಅಮೆರಿಕೆಯ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ, ಸೂರಿನಿಂದ ತೂಗಿಬಿಟ್ಟಿದ್ದ ಎರಡು ಕಾಲುದಾರಿಗಳು ಕುಸಿದು 114 ಮಂದಿ ಸತ್ತರು. ಮೂಲ ನಕಾಶೆಯಂತೆ ಉದ್ದನೆಯ ಒಂದೇ ಸರಳು ಎರಡೂ ಕಾಲುದಾರಿಗಳನ್ನು ದಾಟಿ ಇಳಿಯಬೇಕಿತ್ತು. ಕಟ್ಟುವಾಗ ಅನುಕೂಲಕ್ಕೆಂದು ಅದನ್ನು ಎರಡು ತುಂಡಾಗಿಸಿ, ಕೆಳಗಿನ ಕಾಲುದಾರಿಯನ್ನು ಮೇಲಿನ ಕಾಲುದಾರಿಗೇ ತೂಗಿಬಿಟ್ಟರು. ನಮ್ಮ ಮಕ್ಕಳಿಗೆ ಹೀಗೆ ಹೇಳಬಹುದು: ಒಂದೇ ಹಗ್ಗಕ್ಕೆ ಇಬ್ಬರು ಮೇಲೊಬ್ಬ ಕೆಳಗೊಬ್ಬ ಜೋತುಬಿದ್ದರೆ ಪ್ರತಿಯೊಬ್ಬನ ಕೈಗೆ ಅವನವನ ಭಾರ ಮಾತ್ರ. ಕೆಳಗಿನವನು ಹಗ್ಗವನ್ನು ಬಿಟ್ಟು ಮೇಲಿನವನ ಕಾಲು ಹಿಡಿದರೆ ಮೇಲಿನವನ ಕೈಗೆ ಇಬ್ಬರ ಭಾರ. ಬದಲಾದ ಜೋಡಣೆಯ ಲೆಕ್ಕವನ್ನು ಯಾರೂ ಹೊಸದಾಗಿ ಮಾಡಿ ನೋಡಲಿಲ್ಲ. ನಕಾಶೆಯ ಮೇಲೆ ಮುದ್ರೆ ಮಾತ್ರ ಬಿದ್ದಿತ್ತು. ಹೊಣೆಗಾರರಾದ ಇಂಜಿನಿಯರರ ಪರವಾನಗಿಯನ್ನು ಮಿಸೌರಿ ರಾಜ್ಯ ರದ್ದುಪಡಿಸಿತು. ಮುದ್ರೆಗೆ ಸಂಬಳ ಕೊಡುವವರು ಕೊಡುವುದು ಈ ಭಯಕ್ಕೆ, ಈ ಎಚ್ಚರಕ್ಕೆ.

ತಾವು ಕುಳಿತಿರುವ ಈ ಮಾಡಿನ ಕೆಳಗೂ ಅಂಥದೊಂದು ಸಹಿ ಇದೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮುನ್ನ ಸ್ಥಳೀಯಾಡಳಿತದ ಇಂಜಿನಿಯರರು ಕಟ್ಟಡವನ್ನು ಪರಿಶೀಲಿಸಿ ಫಿಟ್ನೆಸ್ ಸರ್ಟಿಫಿಕೇಟ್ ಕೊಡಬೇಕು. ಪಕ್ಕಾಸು, ಹಂಚು, ಗೋಡೆಯ ಬಿರುಕು, ಆವರಣ ಗೋಡೆ, ಬಾವಿಯ ಕಟ್ಟೆ ಎಲ್ಲವನ್ನೂ ನೋಡಿದ ಮೇಲೆಯೇ ಆ ಸಹಿ. ಮಳೆಗಾಲದ ರಾತ್ರಿ ಗಾಳಿ ಬೀಸಿದಾಗ ಮುಖ್ಯೋಪಾಧ್ಯಾಯಿನಿಯಾದ ನನಗೆ ಸ್ವಲ್ಪವಾದರೂ ನಿದ್ದೆ ಬರುವುದು ಆ ಸಹಿಯನ್ನು ನಂಬಿ. ಸರಿಯಾಗಿ ನೋಡಿ ಹಾಕಿದ ಸಹಿಗೆ ಎಷ್ಟು ಕೊಟ್ಟರೂ ಕಡಿಮೆಯೆಂದು ನನಗೆ ಅನಿಸುತ್ತದೆ. ನೋಡದೆ ಹಾಕಿದ ಸಹಿಗೆ ಒಂದು ರೂಪಾಯಿಯೂ ಹೆಚ್ಚೇ. ಆದ್ದರಿಂದ ಇಲ್ಲಿರುವ ಯುವ ಇಂಜಿನಿಯರರಲ್ಲಿ ನನ್ನದೊಂದು ವಿನಂತಿ. ಪರವಾನಗಿ ದೊರೆತ ಮೇಲೆ ಸಹಿಯನ್ನು ಬಾಡಿಗೆಗೆ ಕೊಡಬೇಡಿರಿ. ಇನ್ನೊಬ್ಬರು ಬರೆದ, ತಾನು ಕಾಣದ ಜಾಗದ ನಕಾಶೆಗೆ ನೂರಿನ್ನೂರು ರೂಪಾಯಿಗೆ ರುಜು ಹಾಕಿಕೊಡುವ ಅಭ್ಯಾಸ ಎಲ್ಲ ಕಡೆಯೂ ಕೇಳಿಬರುತ್ತದೆ. ಸಹಿಯ ಬೆಲೆಯನ್ನು ಇಳಿಸುವವರು ಸರಕಾರವೂ ಅಲ್ಲ, ಕಂಪೆನಿಯೂ ಅಲ್ಲ, ಹಾಗೆ ಮಾರಿಕೊಂಡವರೇ.

ಕೊನೆಯದಾಗಿ, ಕನ್ನಡ ಮಾಧ್ಯಮದ ಮಕ್ಕಳ ವಿಚಾರ. ಈ ಪರೀಕ್ಷೆಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿ ನಡೆಯುತ್ತವೆ; ಆದ್ದರಿಂದ ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದು ನಮ್ಮ ಕರ್ತವ್ಯ, ಅದರಲ್ಲಿ ರಿಯಾಯಿತಿಯಿಲ್ಲ. ಆದರೆ ಪರೀಕ್ಷೆ ಕೇಳುವುದು ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ, ನೀರು ಎಷ್ಟು ಒತ್ತಡದಲ್ಲಿ ಹರಿಯುತ್ತದೆ, ತಂತಿ ಎಷ್ಟು ಬಿಸಿ ತಾಳುತ್ತದೆ ಎಂಬುದನ್ನು. ಅದನ್ನು ಮನೆಮಾತಿನಲ್ಲಿ ಗಟ್ಟಿಯಾಗಿ ತಿಳಿದ ಮಗು ಇನ್ನೊಂದು ಭಾಷೆಯಲ್ಲಿ ಬರೆಯಲು ಕಲಿಯಬಲ್ಲದು. ತಿಳಿಯದೆ ಬಾಯಿಪಾಠ ಮಾಡಿದ ಮಗು ಯಾವ ಭಾಷೆಯಲ್ಲೂ ಬರೆಯಲಾರದು. ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆಯಲ್ಲಿ ಪಡೆದದ್ದು ಎಲ್.ಸಿ.ಇ. ಪದವಿ. ಅದರ ಮೊದಲ ಅಕ್ಷರದ ಅರ್ಥ ‘ಲೈಸೆನ್ಷಿಯೇಟ್’, ಅನುಮತಿ ಪಡೆದವನು ಎಂದು. ಆ ಮೂರಕ್ಷರ ಅವರಿಗೆ ಮೊದಲ ಉದ್ಯೋಗವನ್ನು ಕೊಟ್ಟಿತು. ಅವರ ಹೆಸರು ಇಂದಿಗೂ ಉಳಿದಿರುವುದು ಅಣೆಕಟ್ಟುಗಳು ನಿಂತಿರುವುದರಿಂದ.

ಈ ಶಾಲೆಯಿಂದ ಹೊರಟ ಮಕ್ಕಳು ಹೆಚ್ಚು ಸಂಬಳ ಪಡೆಯಲಿ. ಅದರಲ್ಲಿ ಸಂಕೋಚಪಡಬೇಕಾದ್ದು ಏನೂ ಇಲ್ಲ. ಪರವಾನಗಿ ಬೇಕಾದ ಕೆಲಸವಾದರೆ ವಯಸ್ಸು ಮೀರುವ ಮುನ್ನ ಪರೀಕ್ಷೆ ಬರೆಯಲಿ, ಬೇಡವಾದ ಕೆಲಸವಾದರೆ ಆ ಹಣವನ್ನೂ ಶ್ರಮವನ್ನೂ ಕೌಶಲ್ಯಕ್ಕೆ ಹಾಕಲಿ. ಅವರ ಸಹಿಯ ಕೆಳಗೆ ಯಾವ ಊರಿನ ಮಕ್ಕಳಾದರೂ ನಿಶ್ಚಿಂತೆಯಿಂದ ಕುಳಿತು ಪಾಠ ಕಲಿಯುವಂತಾಗಲಿ. ಶಾಲೆಯ ಎರಡನೆಯ ಶತಮಾನಕ್ಕೆ ಇದು ನನ್ನ ಹಾರೈಕೆ.